ಸೀಟಿದೆ, ಆದ್ರೆ ಸಿಗ್ತಿಲ್ಲ: ವಿಮಾನದ ಹುಡುಕಾಟ ಕೈಕೊಟ್ಟಾಗ ಏನೇನು ನೋಡಬೇಕು

ಬೇಸಿಗೆ ರಜೆಯಲ್ಲಿ ಒಬ್ಬರು ನಮ್ಮ ಟಿಕೆಟ್ ಕೌಂಟರ್‌ಗೆ ಬಂದು ಫೋನನ್ನು ಮೇಜಿನ ಮೇಲೆ ಇಟ್ಟರು. ಬೆಂಗಳೂರಿಂದ ವಾರಾಣಸಿಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಟವರು. ಮೂರು ಟಿಕೆಟ್ ಆಗಲೇ ಆಗಿತ್ತು. ಆಮೇಲೆ ಹೆಂಡತಿ, ‘ಕಾಶಿಗೆ ಮತ್ತೆ ಯಾವಾಗ ಹೋಗೋದು, ನಾನೂ ಮಕ್ಕಳೂ ಬರ್ತೀವಿ’ ಅಂದರಂತೆ. ಅದೇ ವಿಮಾನಕ್ಕೆ ಇನ್ನೂ ಮೂರು ಟಿಕೆಟ್ ಹುಡುಕಿದರೆ ವಿಮಾನವೇ ಕಾಣುತ್ತಿಲ್ಲ. ಆದರೆ ತಮ್ಮ ಟಿಕೆಟ್ ತೆರೆದು ಸೀಟಿನ ನಕ್ಷೆ ನೋಡಿದರೆ 18ನೇ ಸಾಲು ಪೂರ್ತಿ ಖಾಲಿ. ‘ನೋಡಿ ಸಾರ್, ಆರಕ್ಕೆ ಆರೂ ಖಾಲಿ. ಇದೇನು ಮೋಸ?’

ಮೋಸ ಅಲ್ಲ. ಅವರು ಬಸ್ಸಿನ ಲೆಕ್ಕ ಹಾಕುತ್ತಿದ್ದರು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಸೀಟಿನ ನಕ್ಷೆಯೇ ಲೆಕ್ಕ. ನಕ್ಷೆಯಲ್ಲಿ ಖಾಲಿ ಇದ್ದರೆ ಸೀಟಿದೆ, ಇಲ್ಲದಿದ್ದರೆ ಇಲ್ಲ. ವಿಮಾನದಲ್ಲಿ ಎರಡು ಬೇರೆ ಬೇರೆ ಪುಸ್ತಕ ಇರುತ್ತವೆ ಅಂದುಕೊಳ್ಳಿ. ಒಂದರಲ್ಲಿ ಯಾವ ದರಕ್ಕೆ ಇನ್ನೆಷ್ಟು ಟಿಕೆಟ್ ಮಾರಬಹುದು ಎಂಬ ಲೆಕ್ಕ. ಇನ್ನೊಂದರಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬ ಲೆಕ್ಕ. ನೀವು ಹುಡುಕಿದಾಗ ಉತ್ತರ ಬರುವುದು ಮೊದಲನೆಯ ಪುಸ್ತಕದಿಂದ. ಅದೂ ನೀವು ಕೇಳಿದಷ್ಟಕ್ಕೆ ಮಾತ್ರ: ಇಷ್ಟು ಜನ, ಈ ಊರಿಂದ ಆ ಊರಿಗೆ, ಈ ತಾರೀಕು, ಎಲ್ಲರೂ ಒಟ್ಟಿಗೆ. ಈ ನಾಲ್ಕರಲ್ಲಿ ಯಾವುದೋ ಒಂದಕ್ಕೆ ‘ಇಲ್ಲ’ ಅಂತಾದರೂ ಪರದೆಯ ಮೇಲೆ ಬರೀ ‘ಸೀಟಿಲ್ಲ’ ಅಂತ ಬರುತ್ತದೆ. ಯಾವುದಕ್ಕೆ ‘ಇಲ್ಲ’ ಅಂದಿದ್ದು ಅಂತ ಅದು ಹೇಳುವುದಿಲ್ಲ. ಅದನ್ನು ನಾವೇ ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲ ಎರಡು ನಿಮಿಷ

ಏನೇ ಸಮಸ್ಯೆ ಇರಲಿ, ಶುರು ಮಾಡುವುದು ಹೀಗೆ. ವಿಮಾನ ಕಂಪನಿಯ ಸ್ವಂತ ವೆಬ್‌ಸೈಟ್ ತೆರೆಯಿರಿ. ಒಬ್ಬರೇ ವಯಸ್ಕರು, ಹೋಗುವುದು ಮಾತ್ರ, ನೇರ ವಿಮಾನ ಅಂತ ಹಾಕಿ ಹುಡುಕಿ. ಸಿಕ್ಕಿತಾ? ದರ ಬರೆದುಕೊಳ್ಳಿ. ಆಮೇಲೆ ಒಂದೊಂದೇ ಬದಲಾಯಿಸುತ್ತಾ ಹೋಗಿ. ಇಬ್ಬರು, ಮೂವರು. ಆಮೇಲೆ ಮಕ್ಕಳು. ಆಮೇಲೆ ವಾಪಸ್ ಪ್ರಯಾಣ. ಒಟ್ಟಿಗೆ ಎರಡು ಬದಲಾಯಿಸಬೇಡಿ, ಯಾವುದರಿಂದ ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಮನೆಯಲ್ಲಿ ಕರೆಂಟು ಟ್ರಿಪ್ ಆದಾಗ ಒಂದೊಂದೇ ಸ್ವಿಚ್ ಹಾಕಿ ನೋಡುತ್ತೇವಲ್ಲ, ಹಾಗೆ.

ಒಬ್ಬರಿಗೂ ಸಿಗದಿದ್ದರೆ ತಾರೀಕು ಅಥವಾ ಏರ್‌ಪೋರ್ಟಿನ ಕಡೆ ನೋಡಿ. ಒಬ್ಬರಿಗೆ ಸಿಕ್ಕಿ ನಾಲ್ವರಿಗೆ ಸಿಗದಿದ್ದರೆ, ಅಥವಾ ದರ ಏರಿದರೆ, ಅದು ದರದ ಡಬ್ಬಿಗಳ ಕಥೆ, ಅದನ್ನು ಕೆಳಗೆ ಹೇಳುತ್ತೇನೆ. ಬಿಡಿ ಬಿಡಿಯಾಗಿ ಎರಡೂ ವಿಮಾನ ಸಿಕ್ಕಿ ಒಟ್ಟಿಗೆ ಸಿಗದಿದ್ದರೆ ಅದು ಕನೆಕ್ಷನ್ ಸಮಸ್ಯೆ, ಅಂದರೆ ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ಕಡೆಯದ್ದು. ಪಟ್ಟಿಯಲ್ಲಿ ಒಂದು ದರ ಇದ್ದು ಒತ್ತಿದ ಮೇಲೆ ಇನ್ನೊಂದಾದರೆ ಪಟ್ಟಿಯೇ ಹಳಸಿದೆ.

‘ಒಬ್ಬರಿಗೆ ಒಂದು ದರ, ನಾಲ್ವರಿಗೆ ಇನ್ನೊಂದು’

ಕೌಂಟರ್‌ಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಕಾನಮಿ ಕ್ಯಾಬಿನ್ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಒಳಗೆ ಅದನ್ನು ಹತ್ತಾರು ದರದ ಡಬ್ಬಿಗಳಾಗಿ ಹಂಚಿರುತ್ತಾರೆ. ನಮ್ಮ ಕಸುಬಿನಲ್ಲಿ ಬುಕಿಂಗ್ ಕ್ಲಾಸ್ ಅಂತೀವಿ, ಬಕೆಟ್ ಅನ್ನುವುದೂ ಉಂಟು. ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ವೈ ಅಂದರೆ ಸಾಮಾನ್ಯವಾಗಿ ಎಕಾನಮಿಯ ಪೂರ್ತಿ ದರ. ಉಳಿದ ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಏಜೆಂಟರು ಟಿಕೆಟ್ ಮಾಡಲು ಬಳಸುವ ಅಮೆಡಿಯಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಸ್ಕ್ರೀನ್‌ನಲ್ಲಿ ನಾವು ‘ಎಎನ್’ ಅಂತ ಹೊಡೆದು, ತಾರೀಕು ಮತ್ತು ಎರಡು ಊರಿನ ಕೋಡ್ ಹಾಕಿದರೆ, ವಿಮಾನದ ನಂಬರಿನ ಪಕ್ಕ ಇಂಥದ್ದೊಂದು ಸಾಲು ಬರುತ್ತದೆ:

ವೈ9 ಬಿ9 ಎಂ9 ಎಚ್7 ಕೆ3 ಎಲ್0

ಇದನ್ನು ಓದುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು, 9 ಅಂದರೆ ಒಂಬತ್ತೇ ಅಲ್ಲ, ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ. ಸ್ಕ್ರೀನ್‌ನಲ್ಲಿ ಜಾಗ ಇರುವುದು ಒಂದೇ ಅಂಕಿಗೆ. ಎರಡನೆಯದು, ಇವನ್ನು ಕೂಡಿಸಬಾರದು. 9, 9, 9, 7, 3 ಕೂಡಿಸಿ 37 ಸೀಟಿದೆ ಅಂದರೆ ತಪ್ಪು. ಅಜ್ಜಿ ಮನೆಯಲ್ಲಿ ಸೇರಿನೊಳಗೆ ಪಾವು, ಪಾವಿನೊಳಗೆ ಚಟಾಕು ಇಟ್ಟಿರುತ್ತಿದ್ದರಲ್ಲ, ಇದೂ ಹಾಗೇ. ಕೆ ಡಬ್ಬಿಯ ಮೂರು ಸೀಟು ಎಚ್ ಡಬ್ಬಿಯ ಏಳರ ಒಳಗೇ ಇವೆ. ಆ ಏಳು ಎಂ ಒಳಗೆ. ಎಲ್0 ಅಂದರೆ ತೀರಾ ಅಗ್ಗದ ದರ ಮುಗಿದಿದೆ, ಅಷ್ಟೇ.

ಈಗ ಉದಾಹರಣೆಗೆ ಕೆ ದರ 4,800 ರೂಪಾಯಿ, ಎಚ್ ದರ 6,100 ರೂಪಾಯಿ ಅಂತಿಟ್ಟುಕೊಳ್ಳಿ. ಒಬ್ಬರಿಗೆ ಹುಡುಕಿದರೆ 4,800 ತೋರಿಸುತ್ತದೆ. ಮೂವರಿಗೂ ಅದೇ. ನಾಲ್ವರು ಅಂದ ಕೂಡಲೇ ನಾಲ್ವರಿಗೂ 6,100. ಸಾಮಾನ್ಯವಾಗಿ ವೆಬ್‌ಸೈಟು ನಾಲ್ವರನ್ನೂ ಒಂದೇ ಡಬ್ಬಿಯಲ್ಲಿ ಹುಡುಕುತ್ತದೆ. ಕೆ ಡಬ್ಬಿಯಲ್ಲಿ ನಾಲ್ಕು ಇಲ್ಲ, ಹಾಗಾಗಿ ಮೇಲಿನದಕ್ಕೆ ಹತ್ತುತ್ತದೆ. ಒಟ್ಟು 24,400. ಮೂವರದ್ದು ಒಂದು ಟಿಕೆಟ್, ಒಬ್ಬರದ್ದು ಇನ್ನೊಂದು ಮಾಡಿದರೆ 14,400ಕ್ಕೆ 6,100 ಸೇರಿ 20,500. ಉಳಿತಾಯ 3,900 ರೂಪಾಯಿ.

ಹಾಗಂತ ಯಾವಾಗಲೂ ಒಡೆಯಬೇಡಿ. ಎರಡು ಪಿಎನ್‌ಆರ್ ಆದರೆ ಕಂಪನಿಯ ಕಣ್ಣಿಗೆ ನೀವು ಎರಡು ಬೇರೆ ಗುಂಪು. ವಿಮಾನ ರದ್ದಾಗಿ ಬೇರೆ ವಿಮಾನಕ್ಕೆ ಹಾಕುವಾಗ ಮೂವರು ಬೆಳಗ್ಗೆ, ಒಬ್ಬರು ಸಂಜೆ ಆಗಬಹುದು. ಕನ್ವೀನಿಯನ್ಸ್ ಫೀಸು ಎರಡು ಸಲ ಬೀಳಬಹುದು. ಚಿಕ್ಕ ಮಕ್ಕಳನ್ನು ಮಾತ್ರ ಯಾವತ್ತೂ ದೊಡ್ಡವರಿಲ್ಲದ ಪಿಎನ್‌ಆರ್‌ಗೆ ಹಾಕಬಾರದು. ಸಾವಿರ ರೂಪಾಯಿಯೊಳಗಿನ ಉಳಿತಾಯಕ್ಕೆ ನಾನಂತೂ ಒಡೆಯುವುದಿಲ್ಲ. ಒಡೆದರೆ ಕಂಪನಿಗೆ ಫೋನ್ ಮಾಡಿ, ಎರಡೂ ಪಿಎನ್‌ಆರ್ ಒಟ್ಟಿಗೆ ಪ್ರಯಾಣ ಮಾಡುವವರದ್ದು ಅಂತ ಷರಾ ಹಾಕಿಸಿ. ಸುಮ್ನೆ ಬಿಡಬೇಡಿ.

‘ಬೇಗ! 2 ಸೀಟು ಮಾತ್ರ ಬಾಕಿ’ ಅಂತ ಕೆಂಪಕ್ಷರದಲ್ಲಿ ಬರುತ್ತದಲ್ಲ, ಅದೂ ಹೆಚ್ಚಾಗಿ ಇದೇ ಲೆಕ್ಕ. ಆ ದರಕ್ಕೆ ಎರಡು ಬಾಕಿ ಎಂದರ್ಥ, ಇಡೀ ವಿಮಾನದಲ್ಲಿ ಅಲ್ಲ. ಗಾಬರಿ ಹುಟ್ಟಿಸುವುದಕ್ಕೇ ಬರೆದಿರುತ್ತಾರೆ. ಆದರೆ ಪೂರ್ತಿ ಸುಳ್ಳೂ ಅಲ್ಲ.

ಮದುವೆ ದಿಬ್ಬಣದವರಿಗೆ ಇನ್ನೊಂದು ಮಾತು. ಒಂದು ಬುಕಿಂಗ್‌ನಲ್ಲಿ ಸಾಮಾನ್ಯವಾಗಿ 9 ಜನರ ತನಕ ಮಾತ್ರ. ಹತ್ತಾದರೆ ಅದು ಗ್ರೂಪ್ ಬುಕಿಂಗ್, ಅದರ ದರ ಬೇರೆ, ಕೇಳುವ ದಾರಿಯೂ ಬೇರೆ. ಗ್ರೂಪ್ ದರ ಅಗ್ಗ ಅನ್ನುವುದು ಎಲ್ಲಾ ಸಲವೂ ನಿಜ ಅಲ್ಲ.

‘ಒತ್ತಿದ ಕೂಡಲೇ ದರ ಏರಿತು’

ದರ್ಶಿನಿ ಹೋಟೆಲಿನ ಬೋರ್ಡಿನಲ್ಲಿ ಮದ್ದೂರು ವಡೆ ಅಂತ ಬರೆದಿರುತ್ತದೆ. ಚೀಟಿ ತಗೊಂಡು ಒಳಗೆ ಕೇಳಿದರೆ ‘ಖಾಲಿ ಸಾರ್’. ಹುಡುಕಾಟದ ಪಟ್ಟಿಯೂ ಆ ಬೋರ್ಡೇ. ನೀವು ಹುಡುಕಿದ ಪ್ರತಿ ಸಲವೂ ಎಲ್ಲಾ ಕಂಪನಿಗಳ ಕಂಪ್ಯೂಟರನ್ನು ಹೊಸದಾಗಿ ಕೇಳುತ್ತಾ ಕೂತರೆ ಯಾವ ವೆಬ್‌ಸೈಟೂ ಬಾಳುವುದಿಲ್ಲ. ಕೊಳ್ಳುವವರಿಗಿಂತ ನೋಡುವವರು ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಸ್ವಲ್ಪ ಹೊತ್ತಿನ ಹಿಂದೆ ಬೇರೆ ಯಾರಿಗೋ ಬಂದ ಉತ್ತರವನ್ನು ತೆಗೆದಿಟ್ಟುಕೊಂಡು ನಿಮಗೂ ತೋರಿಸುತ್ತವೆ. ನೀವು ಒಂದು ವಿಮಾನ ಆರಿಸಿ ಒತ್ತಿದಾಗ ಮಾತ್ರ ನಿಜವಾದ ಲೆಕ್ಕ ಕೇಳುತ್ತವೆ. ಆ ನಡುವೆ ಡಬ್ಬಿ ಖಾಲಿಯಾಗಿದ್ದರೆ ದರ ಏರುತ್ತದೆ. ಒಮ್ಮೊಮ್ಮೆ ಇಳಿಯುವುದೂ ಉಂಟು, ಆಗ ಯಾರೂ ದೂರು ಹೇಳುವುದಿಲ್ಲ ನೋಡಿ.

ಇದೇನೂ ಚಿಲ್ಲರೆ ಲೆಕ್ಕ ಅಲ್ಲ. ಹೋಗಿ ಬರುವ ಒಂದೇ ಪ್ರಯಾಣಕ್ಕೆ ವಿಮಾನ, ದರ, ನಿಯಮ ಎಲ್ಲಾ ಹೊಂದಿಸಿದರೆ ಸಿಗುವ ಜೋಡಣೆಗಳು ಎಣಿಕೆಗೆ ಸಿಗದಷ್ಟು. ಇದನ್ನು ಬಿಡಿಸುವುದಕ್ಕೆಂದೇ 1996ರಲ್ಲಿ ಅಮೆರಿಕದಲ್ಲಿ ಎಂಐಟಿಯ ಕಂಪ್ಯೂಟರ್ ವಿಜ್ಞಾನಿಗಳು ಐಟಿಎ ಸಾಫ್ಟ್‌ವೇರ್ ಅಂತ ಕಂಪನಿ ಕಟ್ಟಿದರು. ಗೂಗಲ್ 2011ರಲ್ಲಿ ಅದನ್ನು 70 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದೇ ವರ್ಷ ಗೂಗಲ್ ಫ್ಲೈಟ್ಸ್ ಬಂತು.

ಇನ್ನು ಹಣ ಕಟ್ಟುವಾಗ ಆಗುವ ಎಡವಟ್ಟು. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಹಣ ಕಟ್ಟುವ ಪುಟಕ್ಕೆ ಹೋದಾಗ ಎಷ್ಟೋ ಕಡೆ ಆ ಸೀಟುಗಳನ್ನು ಸ್ವಲ್ಪ ಹೊತ್ತು ನಿಮ್ಮ ಹೆಸರಿನಲ್ಲಿ ಹಿಡಿದಿಡುತ್ತಾರೆ. ಕೆ ಡಬ್ಬಿಯಲ್ಲಿ ಮೂರಿತ್ತು, ನೀವು ಮೂರೂ ಹಿಡಿದಿರಿ. ಓಟಿಪಿ ಬರಲಿಲ್ಲ, ಪುಟ ಕೈಕೊಟ್ಟಿತು. ನೀವು ತಕ್ಷಣ ಹೊಸದಾಗಿ ಹುಡುಕಿದಿರಿ. ಈಗ ಕೆ0. ಯಾಕೆ? ಆ ಮೂರು ಸೀಟನ್ನು ಹಿಡಿದುಕೊಂಡು ಕೂತಿರುವುದು ನೀವೇ! ಹಳೆಯ ಬುಕಿಂಗ್ ಇನ್ನೂ ಸತ್ತಿಲ್ಲ. ಹೊಸ ಹುಡುಕಾಟಕ್ಕೆ ಎಚ್ ದರ ಬರುತ್ತದೆ. ‘ನಾನು ಎರಡೆರಡು ಸಲ ನೋಡಿದ್ದಕ್ಕೆ ದರ ಏರಿಸಿದ್ರು’ ಅಂತ ಅನ್ನಿಸುತ್ತದೆ.

ನಮ್ಮ ನೆಂಟರ ಮನೆಯಲ್ಲೇ ಇದನ್ನು ಕಣ್ಣಾರೆ ನೋಡಿದ್ದೇನೆ. ಗಣೇಶನ ಹಬ್ಬಕ್ಕೆ ಹೊರಟ ಟಿಕೆಟ್. ಅಣ್ಣ ಲ್ಯಾಪ್‌ಟಾಪಿನಲ್ಲಿ, ಅತ್ತಿಗೆ ಫೋನಿನಲ್ಲಿ, ಮಗ ಟ್ಯಾಬಿನಲ್ಲಿ, ಮೂವರೂ ಒಂದೇ ವಿಮಾನಕ್ಕೆ ‘ಯಾರಿಗೆ ಮೊದಲು ಸಿಗುತ್ತೆ ನೋಡೋಣ’ ಅಂತ ಕೂತಿದ್ದರು. ಒಬ್ಬರ ಸೀಟನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾ ತಮ್ಮ ದರವನ್ನು ತಾವೇ ಏರಿಸಿಕೊಳ್ಳುತ್ತಿದ್ದರು. ಎಲ್ಲಾ ಮುಚ್ಚಿಸಿ, ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಒಂದೇ ಫೋನಿನಲ್ಲಿ ನೋಡಿದೆವು. ಹಳೇ ದರ ವಾಪಸ್ ಬಂದಿತ್ತು.

ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ (ಹಿಂದೆ ನೋಡಿದ್ದರ ನೆನಪು ಇಟ್ಟುಕೊಳ್ಳದ ಕಿಟಕಿ) ಹುಡುಕಿದರೆ ದರ ಇಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅದನ್ನು ತೆರೆದು, ಎಲ್ಲಾ ಹೊಸದಾಗಿ ತುಂಬಿ, ಹುಡುಕುವಷ್ಟರಲ್ಲಿ ಹಳೆಯ ಹಿಡಿತ ಬಿಟ್ಟಿರುತ್ತದೆ. ಕೆಲಸ ಮಾಡಿದ್ದು ಗಡಿಯಾರ, ಹೆಸರು ಬಂದಿದ್ದು ಕಿಟಕಿಗೆ. ಖಾತೆಯಿಂದ ಹಣ ಕಡಿತವಾಗಿ ಟಿಕೆಟ್ ಬಾರದಿದ್ದರಂತೂ ಎರಡನೇ ಸಲ ಹಣ ಕಟ್ಟುವ ಮುಂಚೆ ಕಂಪನಿಯ ಸೈಟಿನಲ್ಲಿ ನಿಮ್ಮ ಬುಕಿಂಗ್ ಇದೆಯಾ ನೋಡಿ, ಇಲ್ಲವೇ ಫೋನ್ ಮಾಡಿ. ಒಂದೇ ಹೆಸರಿನಲ್ಲಿ, ಒಂದೇ ವಿಮಾನಕ್ಕೆ ಎರಡು ಟಿಕೆಟ್ ಆದರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು.

‘ನಕ್ಷೆಯಲ್ಲಿ ಖಾಲಿ ಇದೆಯಲ್ಲ?’

ಕಾಶಿಯವರ 18ನೇ ಸಾಲಿಗೆ ಬರೋಣ. ಟಿಕೆಟ್ ಕೊಂಡ ಎಷ್ಟೋ ಜನ ಸೀಟು ಆರಿಸಿರುವುದಿಲ್ಲ, ಯಾಕಂದ್ರೆ ಅದಕ್ಕೆ ದುಡ್ಡು ಕೇಳುತ್ತಾರೆ. ಟಿಕೆಟ್ ಮಾರಾಟವಾಗಿದೆ, ನಕ್ಷೆಯಲ್ಲಿ ಮಾತ್ರ ಅವರು ಇನ್ನೂ ಕೂತಿಲ್ಲ. ಹಾಗಾಗಿ ತುಂಬಿದ ವಿಮಾನವೂ ನಕ್ಷೆಯಲ್ಲಿ ಅರ್ಧ ಖಾಲಿ ಕಾಣಬಹುದು.

ಉಲ್ಟಾ ಸಂದರ್ಭವೂ ಇದೆ. ನಕ್ಷೆಯಲ್ಲಿ ಒಂದೂ ಸೀಟು ಖಾಲಿ ಇಲ್ಲ, ಟಿಕೆಟ್ ಮಾತ್ರ ಮಾರುತ್ತಿದ್ದಾರೆ. ಕೆಲವು ಸಾಲುಗಳನ್ನು ಏರ್‌ಪೋರ್ಟಿನಲ್ಲೇ ಕೊಡುವುದಕ್ಕೆ, ಅಥವಾ ಗಾಲಿಕುರ್ಚಿಯವರಿಗೆ ತಡೆದಿಟ್ಟಿರುತ್ತಾರೆ. ತುರ್ತು ಬಾಗಿಲಿನ ಸಾಲನ್ನು ಎಲ್ಲರಿಗೂ ಕೊಡುವುದಿಲ್ಲ. ಜೊತೆಗೆ ಕೊನೇ ಗಳಿಗೆಯಲ್ಲಿ ಕೆಲವರು ಬರುವುದಿಲ್ಲ ಎಂಬ ಲೆಕ್ಕದ ಮೇಲೆ, ಇರುವ ಸೀಟಿಗಿಂತ ಒಂದೆರಡು ಜಾಸ್ತಿ ಮಾರುವ ಕಂಪನಿಗಳಿವೆ. ಇನ್ನು ಚಿಕ್ಕ ರನ್‌ವೇ, ಸುಡು ಬಿಸಿಲು, ಎಟಿಆರ್‌ನಂಥ ಸಣ್ಣ ವಿಮಾನ ಇದ್ದರೆ ತೂಕದ ಕಾರಣಕ್ಕೆ ಕೆಲವು ಸೀಟು ಮಾರದೇ ಬಿಡುವುದೂ ಉಂಟು.

ಒಟ್ಟಿನಲ್ಲಿ ನಕ್ಷೆ ನೋಡಿ ಸೀಟಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಡಿ. ಎಲ್ಲಿ ಕೂರಬೇಕು ಅಂತ ಆರಿಸುವುದಕ್ಕಷ್ಟೇ ಅದು.

‘ಬಿಡಿಯಾಗಿ ಎರಡೂ ಇದೆ, ಒಟ್ಟಿಗೆ ಕೇಳಿದರೆ ಇಲ್ಲ’

ರೈಲಿನ ಅನುಭವ ಇದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ನಡುವಿನ ಸ್ಟೇಷನ್‌ನಿಂದ ಕೇಳಿದರೆ ವೇಟಿಂಗ್ ಲಿಸ್ಟ್, ರೈಲು ಹೊರಡುವ ಊರಿಂದ ಕೇಳಿದರೆ ಸೀಟು. ಕೋಟಾ ಬೇರೆ ಬೇರೆ ಅಂತ ನಮಗೆಲ್ಲ ಗೊತ್ತು. ವಿಮಾನದಲ್ಲೂ ಅಂಥದ್ದೇ ಒಂದು ಲೆಕ್ಕ ಇದೆ. ಕಸುಬಿನಲ್ಲಿ ಇದಕ್ಕೆ ಮ್ಯಾರೀಡ್ ಸೆಗ್ಮೆಂಟ್ ಅಂತಾರೆ. ಮದುವೆಯಾದ ಸೆಕ್ಟರುಗಳು! ಸೆಕ್ಟರ್ ಅಂದರೆ ಪ್ರಯಾಣದ ಒಂದೊಂದು ತುಂಡು. ಎರಡನ್ನೂ ಜೋಡಿಯಾಗಿ ಮಾರುತ್ತಾರೆ, ಬೇರೆ ಮಾಡಲು ಬಿಡುವುದಿಲ್ಲ.

ಮಂಗಳೂರಿಂದ ಮುಂಬೈಗೆ ಹೋಗುವ ವಿಮಾನದಲ್ಲಿ ಎರಡು ಸೀಟು ಉಳಿದಿದೆ ಅಂದುಕೊಳ್ಳಿ. ಅದನ್ನು ಬರೀ ಮುಂಬೈಗೆ ಹೋಗುವವರಿಗೆ ಕೊಟ್ಟರೆ ಕಂಪನಿಗೆ ಕೆಲವು ಸಾವಿರ. ಮುಂಬೈ ಮೇಲೆ ಲಂಡನ್‌ಗೆ ಹೋಗುವವರಿಗೆ ಕೊಟ್ಟರೆ ಅದರ ಎಷ್ಟೋ ಪಟ್ಟು. ಹಾಗಾಗಿ ಮಂಗಳೂರು–ಮುಂಬೈ ಅಂತ ಕೇಳಿದವರಿಗೆ ‘ಇಲ್ಲ’, ಮಂಗಳೂರು–ಲಂಡನ್ ಅಂತ ಕೇಳಿದವರಿಗೆ ‘ಇದೆ’. ಇದರ ತಲೆಕೆಳಗೂ ಆಗುತ್ತದೆ. ಮುಂಬೈ–ಲಂಡನ್ ಸೀಟಿಗೆ ಮುಂಬೈಯಲ್ಲೇ ಒಳ್ಳೇ ಬೆಲೆ ಸಿಗುತ್ತಿದ್ದರೆ, ಮಂಗಳೂರಿಂದ ಕಡಿಮೆ ದರಕ್ಕೆ ಬರುವವರಿಗೆ ಅದು ಕಾಣುವುದಿಲ್ಲ. ಬಿಡಿಯಾಗಿ ಹುಡುಕಿದರೆ ಎರಡೂ ಸಿಗುತ್ತದೆ, ಒಟ್ಟಿಗೆ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರೈಲಿನಲ್ಲಿ ಹಿಂದಿನ ಸ್ಟೇಷನ್‌ನಿಂದ ಟಿಕೆಟ್ ಮಾಡಿಸಿ, ಬೋರ್ಡಿಂಗ್ ಪಾಯಿಂಟ್ ಬದಲಾಯಿಸಿ ಮುಂದೆ ಹತ್ತುತ್ತೇವೆ. ವಿಮಾನದಲ್ಲಿ ಇದು ನಡೆಯುವುದಿಲ್ಲ. ಮೊದಲ ಸೆಕ್ಟರ್ ಹತ್ತದಿದ್ದರೆ ನೋ-ಶೋ, ಅಂದರೆ ‘ಬರಲೇ ಇಲ್ಲ’ ಅಂತ ಹಾಕಿ, ಮುಂದಿನ ಸೆಕ್ಟರುಗಳನ್ನೂ ವಾಪಸ್ ಟಿಕೆಟನ್ನೂ ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ಮಂಗಳೂರಿಂದ ಟಿಕೆಟ್ ಅಗ್ಗ ಅಂತ ತಗೊಂಡು ‘ಮುಂಬೈಯಲ್ಲಿ ಹತ್ತಿಕೊಳ್ತೀನಿ’ ಅಂದವರು ಮುಂಬೈ ಕೌಂಟರಿನಲ್ಲಿ ಕೈಹಿಸುಕಿಕೊಂಡು ನಿಲ್ಲುತ್ತಾರೆ. ಕೊನೇ ಸೆಕ್ಟರ್ ಬಿಟ್ಟು ನಡುವೆ ಇಳಿದುಕೊಳ್ಳುವ ಯೋಚನೆ ಇದ್ದರೂ, ಲಗೇಜು ಕೊನೇ ಊರಿಗೆ ಹೋಗಿಬಿಡುತ್ತದೆ.

ಒಟ್ಟಿಗೆ ಸಿಗದಿರುವುದಕ್ಕೆ ಇನ್ನೊಂದು ಕಾರಣ ಸಮಯ. ಪ್ರತಿ ಏರ್‌ಪೋರ್ಟಿಗೂ ಕನೆಕ್ಷನ್‌ಗೆ ಕನಿಷ್ಠ ಇಷ್ಟು ನಿಮಿಷ ಬೇಕು ಅಂತ ನಿಗದಿ ಇರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಆ ಜೋಡಿಯನ್ನು ಹುಡುಕಾಟ ತೋರಿಸುವುದೇ ಇಲ್ಲ. ಟರ್ಮಿನಲ್ ಬದಲಾಗಬೇಕಾದರೆ ಈ ಸಮಯ ಇನ್ನೂ ಜಾಸ್ತಿ. ಮುಂಬೈಯಲ್ಲಿ ಟಿ1 ಇರುವುದು ಸಾಂತಾಕ್ರೂಜ್ ಕಡೆ, ಟಿ2 ಸಹಾರ್ ಕಡೆ, ನಡುವೆ ರಸ್ತೆಯಲ್ಲೇ ಹೋಗಬೇಕು. ದೆಹಲಿಯಲ್ಲಿ ಟಿ1ರಿಂದ ಟಿ3 ಕೆಲವು ಕಿಲೋಮೀಟರ್ ದೂರ. ‘ಒಂದು ಗಂಟೆ ಇದೆಯಲ್ಲ, ಓಡಿ ಹೋಗ್ತೀನಿ’ ಅಂತ ಎರಡು ಬಿಡಿ ಟಿಕೆಟ್ ಮಾಡಿಕೊಂಡರೆ, ಮೊದಲನೆಯದು ತಡವಾದಾಗ ಎರಡನೇ ಕಂಪನಿ ಹೊಣೆ ಹೊರುವುದಿಲ್ಲ. ಕೆಲವು ಹುಡುಕಾಟದ ಸೈಟುಗಳು ತಾವೇ ಇಂಥ ಬಿಡಿ ಟಿಕೆಟ್‌ಗಳನ್ನು ಜೋಡಿಸಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಲಗೇಜು ಹೊರಗೆ ತಂದು ಮತ್ತೆ ಚೆಕ್‌ಇನ್ ಮಾಡಬೇಕು. ಹೊರದೇಶದಲ್ಲಾದರೆ ಅದಕ್ಕೆ ವೀಸಾ ಕೂಡ ಬೇಕಾಗಬಹುದು. ಅಗ್ಗ ಕಂಡರೆ ಮೊದಲು ಆ ಸಣ್ಣಕ್ಷರ ಓದಿ.

‘ವಿಮಾನವೇ ಇಲ್ಲ ಅಂತಿದೆ’

ಒಬ್ಬರಿಗೂ ಸೀಟಿಲ್ಲ, ಹಿಂದಿನ ದಿನವೂ ಇಲ್ಲ, ಮರುದಿನವೂ ಇಲ್ಲ. ಆಗ ಅದು ಸೀಟಿನ ಸಮಸ್ಯೆಯೇ ಅಲ್ಲ.

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು. ಬೇಸಿಗೆ ಪಟ್ಟಿ ಮಾರ್ಚ್ ಕೊನೆಯ ಭಾನುವಾರ ಶುರು, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ. ದೀಪಾವಳಿ ಎಷ್ಟೋ ಸಲ ಈ ಗಡಿಯ ಅತ್ತಿತ್ತ ಬೀಳುತ್ತದೆ. 2024ರಲ್ಲಿ ನರಕ ಚತುರ್ದಶಿ ಬಂದಿದ್ದು ಅಕ್ಟೋಬರ್ 31ಕ್ಕೆ. ಜೂನ್‌ನಲ್ಲೇ ಕೂತು ಹಬ್ಬದ ಟಿಕೆಟ್ ಹುಡುಕಿದರೆ, ಅಕ್ಟೋಬರ್ 20ಕ್ಕೆ ನಾಲ್ಕು ವಿಮಾನ, ನವೆಂಬರ್ 2ಕ್ಕೆ ಒಂದೂ ಇಲ್ಲ ಅಂತ ಬರಬಹುದು. ಮಾರಾಟ ಆಗಿಹೋಗಿದೆ ಅಂತಲ್ಲ, ಕಂಪನಿ ಹೊಸ ಪಟ್ಟಿಯನ್ನು ಇನ್ನೂ ಹಾಕಿಲ್ಲ. ಪತ್ತೆ ಹಚ್ಚುವುದು ಸುಲಭ: ಗಡಿಯ ಈಚೆಗಿನ ಅದೇ ವಾರಕ್ಕೆ, ಶನಿವಾರವಾದರೆ ಶನಿವಾರಕ್ಕೇ, ಹುಡುಕಿ ನೋಡಿ. ಇತ್ತ ಸಿಕ್ಕಿ ಅತ್ತ ಯಾವ ದಿನವೂ ಸಿಗದಿದ್ದರೆ ಕಾಯಬೇಕು. ಇನ್ನೂ ದೂರದ ತಾರೀಕಾದರೆ, ದೊಡ್ಡ ಕಂಪನಿಗಳು ಸಾಮಾನ್ಯವಾಗಿ 330ರಿಂದ 360 ದಿನ ಮುಂಚೆ ಮಾರಾಟ ಶುರು ಮಾಡುತ್ತವೆ. ಅದರಾಚೆ ಏನೂ ಕಾಣುವುದಿಲ್ಲ.

ಚಿಕ್ಕ ಊರುಗಳಿಗೆ ದಿನಾ ವಿಮಾನ ಇರಬೇಕು ಅಂತೇನಿಲ್ಲ. ಬೀದರ್, ಶಿವಮೊಗ್ಗ ಕಡೆಯ ಹುಡುಕಾಟದಲ್ಲಿ ಒಂದೇ ದಿನ ನೋಡಿ ಕೈಬಿಡಬೇಡಿ. ಪೂರ್ತಿ ವಾರ ನೋಡಿ.

ಏರ್‌ಪೋರ್ಟ್ ಕೋಡ್ ನೋಡಿಕೊಳ್ಳಿ. ಗೋವಾಕ್ಕೆ ಈಗ ಎರಡು ಏರ್‌ಪೋರ್ಟ್. ಹಳೆಯದು ದಾಬೋಲಿಮ್, ಕೋಡ್ ಜಿಓಐ. 2023ರ ಜನವರಿಯಲ್ಲಿ ಶುರುವಾದ ಮೋಪಾ, ಕೋಡ್ ಜಿಓಎಕ್ಸ್. ಒಂದನ್ನೇ ಹಾಕಿದರೆ ಅರ್ಧ ವಿಮಾನಗಳು ಕಾಣುವುದೇ ಇಲ್ಲ. ಕಾರವಾರಕ್ಕೆ ಹೋಗಬೇಕಾದವರು ಅಗ್ಗ ಅಂತ ಮೋಪಾಕ್ಕೆ ಟಿಕೆಟ್ ಮಾಡಿ, ಇಳಿದ ಮೇಲೆ ಇಡೀ ಗೋವಾ ದಾಟುವ ಟ್ಯಾಕ್ಸಿಗೆ ಉಳಿಸಿದ್ದನ್ನೆಲ್ಲ ಕೊಟ್ಟಿದ್ದಾರೆ. ನಮ್ಮ ಕಡೆಯ ಕೋಡುಗಳೂ ಒಂದೇ ಥರ ಕಾಣುತ್ತವೆ. ಮಂಗಳೂರು ಐಎಕ್ಸ್‌ಇ, ಬೆಳಗಾವಿ ಐಎಕ್ಸ್‌ಜಿ, ಬೀದರ್ ಐಎಕ್ಸ್‌ಎಕ್ಸ್. ಒಂದಕ್ಷರ ತಪ್ಪಿದರೆ ಸಾಕು.

ರಾತ್ರಿ ವಿಮಾನದ ತಾರೀಕು ಇನ್ನೊಂದು ಗುಂಡಿ. ಬೆಂಗಳೂರಿಂದ ಹೊರದೇಶಕ್ಕೆ ಎಷ್ಟೋ ವಿಮಾನ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ನಮ್ಮ ಬಾಯಲ್ಲಿ ಅದು ‘ಭಾನುವಾರ ರಾತ್ರಿ 2 ಗಂಟೆ ಫ್ಲೈಟು’. ಟಿಕೆಟ್ಟಿನಲ್ಲಿ ಅದು ಸೋಮವಾರ. ಭಾನುವಾರದ ತಾರೀಕು ಹಾಕಿ ಹುಡುಕಿದರೆ ಒಂದು ದಿನ ಹಿಂದಿನದು ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಇದನ್ನು ಗಮನಿಸದೆ ಟಿಕೆಟ್ ಮಾಡಿದವರು ವಿಮಾನ ಹೋದ 20 ಗಂಟೆ ಮೇಲೆ ದೇವನಹಳ್ಳಿ ತಲುಪಿದ್ದೂ ಇದೆ.

ಮತ್ತೆ, ಎಲ್ಲಾ ಕಂಪನಿಯೂ ಎಲ್ಲಾ ಸೈಟಿನಲ್ಲೂ ಇರುವುದಿಲ್ಲ. ಅಮೆರಿಕದ ದೊಡ್ಡ ಕಂಪನಿ ಸೌತ್‌ವೆಸ್ಟ್‌ನ ದರಗಳು ಗೂಗಲ್ ಫ್ಲೈಟ್ಸ್‌ನಲ್ಲಿ ಕಾಣತೊಡಗಿದ್ದೇ 2024ರಲ್ಲಿ. ಅಲ್ಲಿರುವ ಮಕ್ಕಳನ್ನು ನೋಡಲು ಹೋಗುವವರು ಒಳಗಿನ ಪ್ರಯಾಣಕ್ಕೆ ಒಂದೇ ಸೈಟು ನಂಬಬಾರದು ಅನ್ನುವುದು ಇದಕ್ಕೇ.

ಇನ್ನು ಕೆಲವು ಚಿಲ್ಲರೆ ಎಡವಟ್ಟು

ಒಂದೇ ವಿಮಾನ ಎರಡು ನಂಬರಿನಲ್ಲಿ, ಎರಡು ದರದಲ್ಲಿ ಕಾಣುತ್ತಿದೆಯಾ? ಅದು ಕೋಡ್‌ಶೇರ್. ಹಾರಿಸುವವರು ಒಬ್ಬರು, ತಮ್ಮ ನಂಬರ್ ಹಚ್ಚಿ ಮಾರುವವರು ಇನ್ನೊಬ್ಬರು. ಒಬ್ಬರ ಬಳಿ ಮುಗಿದಿದ್ದರೂ ಇನ್ನೊಬ್ಬರ ಬಳಿ ಇರಬಹುದು, ಎರಡೂ ಕಡೆ ನೋಡಿ. ಲಗೇಜಿನ ತೂಕ ಯಾರ ನಿಯಮದಂತೆ ಅಂತ ಮಾತ್ರ ಕೇಳಿಕೊಳ್ಳಿ.

ಮಗ ಅಮೆರಿಕದಲ್ಲಿ ಕೂತು ನೋಡಿದ ದರ, ಅಪ್ಪ ಮೈಸೂರಲ್ಲಿ ನೋಡಿದ ದರ ಬೇರೆಯಾದರೆ ಇಬ್ಬರೂ ಸರಿ. ಎಲ್ಲಿಂದ ಕೊಳ್ಳುತ್ತೀರಿ ಎನ್ನುವುದರ ಮೇಲೂ ದರ ಬದಲಾಗಬಹುದು.

ಪಿಎನ್‌ಆರ್ ಬಂತು ಅಂತ ನಿಶ್ಚಿಂತೆಯಾಗಬೇಡಿ. ಆರು ಅಕ್ಷರದ ಪಿಎನ್‌ಆರ್ ಅಂದರೆ ಬುಕಿಂಗ್ ಅಷ್ಟೇ. ದೊಡ್ಡ ಕಂಪನಿಗಳಲ್ಲಿ ಅದರ ಜೊತೆ 13 ಅಂಕಿಯ ಟಿಕೆಟ್ ನಂಬರ್ ಇರಬೇಕು. ಮೊದಲ ಮೂರು ಅಂಕಿ ಕಂಪನಿಯ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಲುಫ್ತಾನ್ಸಾ 220. ಅದು ಬರದೆ ಗಡುವು ದಾಟಿದರೆ ಬುಕಿಂಗ್ ತಾನಾಗಿ ಬಿದ್ದುಹೋಗುತ್ತದೆ, ಸೀಟು ಡಬ್ಬಿಗೆ ವಾಪಸ್. ಕೆಲವು ಬಜೆಟ್ ಕಂಪನಿಗಳಲ್ಲಿ ಮಾತ್ರ ಈ ನಂಬರಿನ ಗೊಡವೆ ಇಲ್ಲ, ಪಿಎನ್‌ಆರ್ ಒಂದೇ ಸಾಕು.

ಕಾಶಿಯವರಿಗೆ ಏನಾಯಿತು

ಮೇಲೆ ಹೇಳಿದ ಹಾಗೆ ಒಬ್ಬರಿಗೆ ಹುಡುಕಿದೆ. ವಿಮಾನ ಕಾಣಿಸಿತು. ಇಬ್ಬರಿಗೂ ಕಾಣಿಸಿತು. ಮೂವರು ಅಂದಾಗ ಮಾಯ. ಅಂದರೆ ವೈ ಡಬ್ಬಿಯಲ್ಲೂ ಉಳಿದಿದ್ದೇ ಎರಡು. ಇಲ್ಲಿ ಒಡೆದು ಕೊಂಡರೂ ಉಪಯೋಗವಿಲ್ಲ, ಮೂರನೇ ಸೀಟೇ ಇಲ್ಲ.

‘ಮಕ್ಕಳಿಗೆ ಎಷ್ಟು ವರ್ಷ?’ ಅಂದೆ. ‘ದೊಡ್ಡವಳಿಗೆ ಏಳು, ಚಿಕ್ಕವನಿಗೆ ಎರಡು.’ ‘ಎರಡು ತುಂಬಿದೆಯಾ?’ ಅವರು ಹೆಂಡತಿಗೆ ಫೋನ್ ಮಾಡಿದರು. ತುಂಬಿಲ್ಲ. ಹೊರಡುವ ದಿನಕ್ಕೆ ಇನ್ನೂ ಎರಡು ದಿನ ಕಮ್ಮಿ. ಪ್ರಯಾಣದ ದಿನ ಎರಡು ವರ್ಷ ತುಂಬದ ಮಗು ಇನ್‌ಫೆಂಟ್, ಅಮ್ಮನ ಮಡಿಲಲ್ಲಿ ಹೋಗುತ್ತದೆ, ಸೀಟು ಬೇಡ. ಇವರು ಅದನ್ನೂ ‘ಚೈಲ್ಡ್’ ಅಂತ ಹಾಕಿ ಮೂರು ಸೀಟು ಕೇಳುತ್ತಿದ್ದರು. ಮಡಿಲ ಮಕ್ಕಳಿಗೂ ಒಂದು ವಿಮಾನಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ, ಕೆಲವು ಸಲ ಅದೂ ಮುಗಿದಿರುತ್ತದೆ. ಅವತ್ತು ಇತ್ತು. ಅಮ್ಮ, ಮಗಳು, ಜೊತೆಗೆ ಇನ್‌ಫೆಂಟ್ ಅಂತ ಹಾಕಿದೆ. ಬಂತು.

ವಾಪಸ್ ಬರುವಾಗ ಹುಡುಗನಿಗೆ ಎರಡು ತುಂಬಿರುತ್ತದೆ. ಹಾಗಾಗಿ ಬರುವುದಕ್ಕೆ ಮೂರು ಸೀಟಿನ ಬೇರೆ ಟಿಕೆಟ್. ಆ ದಿನಕ್ಕೆ ಸೀಟಿಗೇನೂ ಬರ ಇರಲಿಲ್ಲ. ಮೊದಲಿನ ಪಿಎನ್‌ಆರ್‌ಗೆ ಹೊಸಬರನ್ನು ಸೇರಿಸಲು ಆಗುವುದಿಲ್ಲ, ಅದಕ್ಕೆ ಕಂಪನಿಗೆ ಫೋನ್ ಮಾಡಿ ಎರಡಕ್ಕೂ ಷರಾ ಹಾಕಿಸಿದೆವು.

ಹೊರಡುವ ಹಿಂದಿನ ಸಂಜೆ ಅವರ ವೆಬ್ ಚೆಕ್‌ಇನ್ ಮಾಡಿಕೊಟ್ಟವನೂ ನಾನೇ. ನಕ್ಷೆ ತೆರೆದಾಗ 18ನೇ ಸಾಲು ನೋಡಿದೆ. ಆರಕ್ಕೆ ಆರೂ ತುಂಬಿತ್ತು.